ಬಲಬಾಗಿಲಿನ ಮೇಲೆ ಅಂಗೈಯಗಲ ಬಣ್ಣ

ಸಂಗ್ರಹಾಲಯದ ಮಾನ್ಯ ನಿರ್ದೇಶಕರೇ,

ನಿಮ್ಮ ಮೂರನೇ ಶೆಡ್ಡಿನಲ್ಲಿ 'ಫಿರಂಗಿ ಎಳೆಯುವ ಟ್ರಕ್' ಎಂಬ ಫಲಕ ಹೊತ್ತು ನಿಂತಿರುವ ಹಳೆಯ ಸೇನಾ ವಾಹನ ನಿಜಕ್ಕೂ ಒಂದು ಆಂಬುಲೆನ್ಸು. ದಿನಕ್ಕೆ ಆರು ಸಲ ಅದರ ಮುಂದೆ ನಿಂತು ಸುಳ್ಳು ಹೇಳುವ ಮಾರ್ಗದರ್ಶಕಿ ನಾನು. ಫಲಕದಲ್ಲಿರುವುದಕ್ಕಿಂತ ಒಂದು ಮಾತೂ ಹೆಚ್ಚು ಆಡಬಾರದೆಂಬ ನಿಮ್ಮ ಸುತ್ತೋಲೆ ನನ್ನ ಮೇಜಿನ ಗಾಜಿನಡಿ ಭದ್ರವಾಗಿದೆ.

ಫಿರಂಗಿ ಎಳೆಯಲು ಹಿಂದೊಂದು ಕೊಕ್ಕೆ ಬೇಕಲ್ಲವೇ? ಇದಕ್ಕಿಲ್ಲ. ಒಳಗೆ ಎರಡೂ ಬದಿಗೆ ಸ್ಟ್ರೆಚರ್ ತೂಗುಹಾಕುವ ಕೊಂಡಿಗಳಿವೆ. ಅವು ಮದ್ದುಗುಂಡಿನ ಪೆಟ್ಟಿಗೆ ಇಡಲು ಎಂದು ನಿಮ್ಮ ಫಲಕ ಸಮಿತಿ ತೀರ್ಮಾನಿಸಿದೆಯಂತೆ. ಸಮಿತಿಯವರು ಗಾಡಿಯೊಳಗೆ ತಲೆ ಹಾಕಿ ನೋಡಿದ್ದರೇ, ಅಥವಾ ಚಹಾ ಆರಿಹೋಗುತ್ತದೆಂದು ಕಚೇರಿಯಲ್ಲೇ ಕೂತು ಗುರುತಿಸಿದರೇ?

ಕಳೆದ ತಿಂಗಳು ನನ್ನ ಅಪ್ಪ ಟಿಕೆಟ್ ಕೊಂಡು ಬಂದರು. ಸೈನ್ಯದಲ್ಲಿ ಆಂಬುಲೆನ್ಸ್ ಓಡಿಸಿದವರು. ನಾನು ಬಾಯಿಪಾಠ ಒಪ್ಪಿಸಿ ಮುಗಿಸುವಷ್ಟರಲ್ಲಿ ಹಗ್ಗ ದಾಟಿ, ಕೆಳಗೆ ನೋಡದೆಯೇ, ಹಿಂಬಾಗಿಲಿನ ಕೆಳಮೆಟ್ಟಿಲ ಮೇಲೆ ಕಾಲಿಟ್ಟಿದ್ದರು.

"ಈ ಮೆಟ್ಟಿಲು ನಾನೇ ಬೆಸುಗೆ ಹಾಕಿದ್ದು ಕಣಮ್ಮ. ಸ್ಟ್ರೆಚರ್ ಹೊತ್ತು ಹತ್ತೋರು ಎಡವ್ತಿದ್ರು," ಎಂದರು. "ಬಲಗಡೆ ಬಾಗಿಲಲ್ಲಿ ಈ ಹಸಿರು ಬಣ್ಣ ಕೆರೆದು ನೋಡು, ಅಡಿಯಲ್ಲಿ ಕೆಂಪು ಕ್ರಾಸ್ ಇರುತ್ತೆ."

"ದಯವಿಟ್ಟು ಇಳೀರಿ, ಮುಟ್ಟಬಾರದು," ಎಂದೆ. ಹದಿನೆಂಟು ಜನರ ಮುಂದೆ ಅಪ್ಪ ಎಂದು ಕರೆಯುವ ಧೈರ್ಯವೂ ನನಗೆ ಬರಲಿಲ್ಲ.

ಅಪ್ಪ ಅಷ್ಟಕ್ಕೇ ಬಿಡುವವರಲ್ಲ. ಸಲಹಾ ಪುಸ್ತಕದಲ್ಲಿ ಎರಡು ಪುಟ ದೂರು ಬರೆದರು. ಅದು ನಿಮ್ಮ ಕಚೇರಿಯ ನಾಲ್ಕು ಮೇಜು ಸುತ್ತಿ, 'ಸಂಬಂಧಿಸಿದ ಶೆಡ್ಡಿನ ಸಿಬ್ಬಂದಿ ಉತ್ತರಿಸತಕ್ಕದ್ದು' ಎಂಬ ಷರಾದೊಂದಿಗೆ ನನ್ನ ಮೇಜಿಗೇ ಬಂತು. ಉತ್ತರದ ನಮೂನೆಯೂ ಜೊತೆಗಿತ್ತು. ನಿಮ್ಮ ಔದಾರ್ಯಕ್ಕೆ ಎಣೆಯುಂಟೇ? ನಾನು ತುಂಬಬೇಕಾದದ್ದು ವಿಳಾಸ, ದಿನಾಂಕ, ಸಹಿ. ಉಳಿದದ್ದು ಅಚ್ಚಾಗಿಯೇ ಇತ್ತು: 'ತಮ್ಮ ನೆನಪು ತಪ್ಪಿರುವ ಸಾಧ್ಯತೆಯಿದೆ.' ನಾನು ಆಕ್ಷೇಪ ಬರೆದೆ. ಸಿಬ್ಬಂದಿ ಆಕ್ಷೇಪಿಸುವಂತಿಲ್ಲ, ಸಾರ್ವಜನಿಕರು ಮಾತ್ರ ಆಕ್ಷೇಪಿಸಬಹುದು ಎಂದಿರಿ. ಸಾರ್ವಜನಿಕರು ಆಕ್ಷೇಪಿಸಿದರೆ ಉತ್ತರಿಸಬೇಕಾದವಳು ನಾನು! ಹೊರಗೆ ಹೋಗುವ ಬಾಗಿಲನ್ನು ಯಾವ ಕಡೆ ಇಟ್ಟಿದ್ದೀರಿ ಸ್ವಾಮಿ? ನನಗೆ ಕೆಲಸ ಬೇಕಿತ್ತು. ಸಹಿ ಹಾಕಿದೆ.

ಅಪ್ಪ ಇರುವುದು ನನ್ನ ಜೊತೆಗೇ. ಪತ್ರ ನಮ್ಮ ಮನೆಗೇ ಬಂತು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನೀನೇ ಸಹಿ ಹಾಕಿದ್ದೀಯ ಅಂದ್ರೆ ನಿಜ ಇರ್ಬೇಕು. ನಂಗೂ ವಯಸ್ಸಾಯ್ತಲ್ಲ," ಎಂದರು. ಪತ್ರ ಮಡಿಸುತ್ತಾ ಕೇಳಿದರು: "ಹಾಗಾದ್ರೆ ನಾನು ಅದರಲ್ಲಿ ಮಲಗಿಸ್ಕೊಂಡು ಬಂದೋರೆಲ್ಲ ಯಾರಮ್ಮ?"

ನನಗೆ ನಾಚಿಕೆಯಾಯಿತು. ಈಗಲೂ ಆಗುತ್ತಿದೆ. ಅಂದಿನಿಂದ ಅವರು ಸೈನ್ಯದ ಮಾತನ್ನೇ ಎತ್ತಿಲ್ಲ.

ಹೊಸ ಫಲಕವನ್ನು ಈಗಲೇ ಕೇಳುವುದಿಲ್ಲ. ಸಮಿತಿಗೆ ಸುಮ್ಮನೆ ಆಯಾಸ. ಬಲಬಾಗಿಲಿನ ಮೇಲೆ ಅಂಗೈಯಗಲ ಬಣ್ಣ ಕೆರೆಸಿ, ಅಪ್ಪನ ಕಣ್ಣೆದುರೇ. ಕೆಂಪು ಕಾಣದಿದ್ದರೆ ನನ್ನನ್ನು ಕೆಲಸದಿಂದ ತೆಗೆಯಿರಿ. ಕಂಡರೆ, ಅವರ ನೆನಪು ಸರಿಯಾಗಿದೆ ಎಂದು ಅವರಿಗೊಂದು ಪತ್ರ ಬರಲಿ. ಆ ಸಹಿ ನಿಮ್ಮದಿರಲಿ. ಹಾಗೆಯೇ, ಕೈಮುಗಿದು ಕೇಳುತ್ತೇನೆ, ಈ ಪತ್ರವನ್ನಾದರೂ ಉತ್ತರಕ್ಕಾಗಿ ನನ್ನ ಮೇಜಿಗೆ ಕಳಿಸಬೇಡಿ.

ಇಂತಿ,
ಅಪ್ಪನಿಗೆ ನೆನಪು ತಪ್ಪಿದೆಯೆಂದು ಲಿಖಿತವಾಗಿ ತಿಳಿಸಿದ ಮಗಳು,
ಮೂರನೇ ಶೆಡ್ಡಿನ ಮಾರ್ಗದರ್ಶಕಿ