ನ್ಯಾಯಮೂರ್ತಿಗಳು ಹೋದ ಮಾರನೆಯ ದಿನ ಬಿದ್ದ ಬೀಗ

ನ್ಯಾಯಾಲಯ ಕಟ್ಟಡದ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮ ಕೋರ್ಟಿನ ಆವರಣದಲ್ಲಿ ಹೆಂಗಸರಿಗೆಂದು ಕಟ್ಟಿಸಿದ ಶೌಚಾಲಯಕ್ಕೆ ತಾವು ಬೀಗ ಹಾಕಿಸಿದ್ದೀರಿ. ಆ ಬೀಗದಿಂದಾಗಿ ದೊಡ್ಡಉಳ್ಳಾರ್ತಿಯ ಜೋಗಮ್ಮ ಎಂಬ ಕೂಲಿ ಹೆಂಗಸು ತನ್ನ ಕೇಸು ಕಳೆದುಕೊಂಡಳು. ತಮ್ಮ ಕಚೇರಿಯೊಳಗೆ ಹೇಳಿದ್ದು ತಮಗೆ ಕೇಳಿಸದಿದ್ದುದರಿಂದ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಸರ್ವೋಚ್ಚ ನ್ಯಾಯಾಲಯದ ಪೀಠದಲ್ಲಿರುವ ಏಕೈಕ ಮಹಿಳಾ ನ್ಯಾಯಮೂರ್ತಿಗಳು ಇಲ್ಲಿನ ಕಾನೂನು ಅರಿವು ಶಿಬಿರಕ್ಕೆ ಬರುತ್ತಾರೆಂದು ಗೊತ್ತಾದಾಗ ತಾವು ತೋರಿಸಿದ ವೇಗವನ್ನು ನಾನು ಮರೆತಿಲ್ಲ. ನಾವು ವಕೀಲೆಯರು ವರ್ಷಗಟ್ಟಲೆ ಅರ್ಜಿ ಕೊಟ್ಟರೂ ಸಿಗದಿದ್ದ ಜಾಗ ಒಂದೇ ತಿಂಗಳಲ್ಲಿ ಹುಟ್ಟಿಕೊಂಡಿತು. ಬಿಳಿ ಟೈಲ್ಸು ಬಂತು, ಕನ್ನಡಿ ಬಂತು, ಬಾಗಿಲ ಮೇಲೆ ಕುಂಕುಮವಿಟ್ಟ ಹೆಣ್ಣಿನ ಚಿತ್ರವೂ ಬಂತು. ಮೊಳಕಾಲ್ಮೂರು ರೇಷ್ಮೆ ಸೀರೆ ಕೊಟ್ಟು ಅವರನ್ನು ಸನ್ಮಾನಿಸಿದಿರಿ. ವಕೀಲಿ ಆರಂಭಿಸಿದಾಗ ಇಡೀ ಕೋರ್ಟಿಗೆ ತಾನೊಬ್ಬಳೇ ಹೆಂಗಸಾಗಿದ್ದುದನ್ನು, ಹೋಗಲು ಜಾಗವಿಲ್ಲದೆ ಸಂಜೆಯವರೆಗೆ ಗುಟುಕು ನೀರೂ ಕುಡಿಯದೆ ವಾದ ಮಾಡಿದ್ದನ್ನು ಆ ತಾಯಿ ಮೈಕಿನಲ್ಲಿ ಹೇಳಿದರು. “ಕಾಯಿಲೆಯಾಗಿ ಆಸ್ಪತ್ರೆ ಸೇರಿದೆ. ಹೆಣ್ಣಿಗೆ ಈ ಕೆಲಸ ಒಗ್ಗುವುದಿಲ್ಲ ನೋಡಿ ಎಂದರು ಹಿರಿಯ ವಕೀಲರೊಬ್ಬರು” ಎಂದು ಮಾತು ಮುಗಿಸಿದರು. ಮೊದಲು ಚಪ್ಪಾಳೆ ತಟ್ಟಿದವರು ತಾವೇ.

ಮಾರನೆಯ ದಿನವೇ ಬೀಗ ಬಿತ್ತು.

ಇನ್ನು ಜೋಗಮ್ಮನ ವಿಷಯ. ರಸ್ತೆ ಕೆಲಸದಲ್ಲಿ ಮೇಸ್ತ್ರಿಯೊಬ್ಬ ಕೂಲಿ ಹುಡುಗಿಯ ಸೆರಗಿಗೆ ಕೈ ಹಾಕಿದಾಗ ನಡುವೆ ಹೋಗಿ ನಿಂತವಳು ಇವಳು. ಅದಕ್ಕೆ ಅವನು ಎಲ್ಲರೆದುರು ಇವಳಿಗೆ ಚಪ್ಪಲಿಯಿಂದ ಹೊಡೆದ. ರಾಜಿಯಾಗು ಎಂದು ಊರೆಲ್ಲ ಹೇಳಿದರೂ ಕೇಳದೆ, ನನ್ನ ಮೂಲಕ ನೇರವಾಗಿ ಕೋರ್ಟಿಗೆ ದೂರು ಕೊಟ್ಟಳು. ವಿಚಾರಣೆಯ ದಿನ ಮೊದಲ ಬಸ್ಸಿಗೆ ಬಂದವಳು ಮಧ್ಯಾಹ್ನದವರೆಗೂ ತಡೆದುಕೊಂಡಳು. ಕೊನೆಗೆ, ಬಾಗಿಲಿಗೆ ಬೀಗವಿದ್ದುದರಿಂದ, ರಸ್ತೆಯಾಚೆ ಬಳ್ಳಾರಿ ಜಾಲಿ ಪೊದೆಗಳ ಮರೆಗೆ ನಡೆದಳು. ಅಲ್ಲಿಯೂ ಗಂಡಸರಿದ್ದರು. ಇನ್ನೂ ದೂರ ಹೋದಳು. ಅಷ್ಟರಲ್ಲಿ ಅವಳ ಹೆಸರು ಕೂಗಿದರು.

ಸ್ವಲ್ಪ ಸಮಯ ಕೊಡಿ ಎಂದು ಕೇಳಿಕೊಂಡೆ. “ಎಲ್ಲಿಗೆ ಹೋಗಿದ್ದಾರೆ?” ಎಂದಿತು ಪೀಠ. ಹೇಳಿದೆ. ಹಿಂದೆ ಯಾರೋ ನಕ್ಕರು. ಇಂಥ ನೇರ ದೂರಿನಲ್ಲಿ ಕೂಗಿದಾಗ ದೂರುದಾರರಿಲ್ಲದಿದ್ದರೆ ಕೇಸೇ ಬಿದ್ದುಹೋಗಬಹುದು. ದೂರುದಾರಳು ಗೈರುಹಾಜರು, ಆರೋಪಿ ಖುಲಾಸೆ.

ಜೋಗಮ್ಮ ಓಡುತ್ತ ಬಂದಾಗ ಮೇಸ್ತ್ರಿ ಮೀಸೆ ಸವರುತ್ತ ಮೆಟ್ಟಿಲಿಳಿಯುತ್ತಿದ್ದ. “ಬೆಳಿಗ್ಗೆಯಿಂದ ಇಲ್ಲೇ ಇದ್ನಲ್ಲಮ್ಮ, ಆವಾಗ ಕರೀಲಿಲ್ವಲ್ಲ” ಎಂದಳು. ಹೈಕೋರ್ಟಿಗೆ ಹೋಗಬಹುದು ಎಂದೆ. ಸೆರಗಿನಿಂದ ಮುಖ ಒರೆಸಿಕೊಂಡು, “ಬೆಂಗ್ಳೂರ್ನಾಗೆ ಆದ್ರೂ ಐತೇನಮ್ಮ, ನಮ್ಗೆ ಹೋಗೋಕೆ ಜಾಗ?” ಎಂದು ಕೇಳಿದಳು.

ಅಂದೇ ತಮ್ಮ ಕಚೇರಿಗೆ ಬಂದೆ. ತಾವು ಏನೆಂದಿರಿ? “ಅದಕ್ಕೆ ನೀರಿನ ಲೈನೇ ಇಲ್ಲ ಮೇಡಂ. ಆವತ್ತು ಟ್ಯಾಂಕರ್ ತರ್ಸಿದ್ವಿ. ದಿನಾ ಬಿಟ್ರೆ ಗಲೀಜು ಮಾಡ್ತಾರೆ. ಮುಂದೆ ಯಾರಾದ್ರೂ ದೊಡ್ಡೋರು ಬಂದ್ರೆ ಬೇಕಲ್ಲ.”

ದೊಡ್ಡವರು ಎಂದರೆ ಯಾರು, ಸ್ವಾಮಿ? ಆ ನ್ಯಾಯಮೂರ್ತಿಗಳು ಹುಟ್ಟುವಾಗಲೇ ದೆಹಲಿಯ ಪೀಠದ ಮೇಲೆ ಕೂತಿದ್ದರೇ? ತಮ್ಮಂಥ ಅಧಿಕಾರಿಗಳ ಕಟ್ಟಡಗಳನ್ನು ದಾಟಿಕೊಂಡು ಅಲ್ಲಿಗೆ ಹೋದವರಲ್ಲವೇ? ಅವರು ಒಬ್ಬರು ದಾಟಿದರು. ದಾಟಲಾರದೆ ಕರಿಕೋಟು ಮಡಿಚಿಟ್ಟು ಮನೆಗೆ ಮರಳಿದವರಿಗೆ ತಾವು ಯಾವ ಸೀರೆ ಉಡಿಸುತ್ತೀರಿ? ಒಬ್ಬರ ಸಾಧನೆಗೆ ಚಪ್ಪಾಳೆ ತಟ್ಟಿದ ಕೈಯೇ ಮಿಕ್ಕವರಿಗೆ ಬೀಗ ಜಡಿಯುತ್ತದೆ ಎಂದರೆ, ಆ ಚಪ್ಪಾಳೆಗೆ ಏನರ್ಥ?

ಜೋಗಮ್ಮ ಹೈಕೋರ್ಟಿಗೆ ಹೋಗಲು ಒಪ್ಪಿದ್ದಾಳೆ. “ಆ ಹುಡ್ಗಿ ನನ್ ಮಖ ನೋಡ್ತಾ ಐತೆ. ನಾನೇ ಬಿಟ್ರೆ ಹೆಂಗೆ?” ಎಂದಳು. ಮೇಲ್ಮನವಿಯಲ್ಲಿ ಅವಳ ಗೈರುಹಾಜರಿಗೆ ಕಾರಣ ಬರೆಯಬೇಕು. ನಾಚಿಕೆಯಿಲ್ಲದೆ ಬರೆಯುತ್ತೇನೆ, ತಮ್ಮ ಹುದ್ದೆಯ ಸಮೇತ. ಬೀಗ ತೆಗೆಸಿ, ನೀರಿನ ಲೈನು ಎಳೆಸಿ. “ಅಂದು ಬೀಗ ಹಾಕಿತ್ತು” ಎಂದು ಬರೆಯಲೋ, “ಇಂದಿಗೂ ಹಾಕಿದೆ” ಎಂದು ಬರೆಯಲೋ, ಅದನ್ನು ತಾವೇ ತೀರ್ಮಾನಿಸಿ.

ಇಂತಿ,
ನಾಳೆಯೂ ಅದೇ ಕೋರ್ಟಿಗೆ ಹಾಜರಾಗಬೇಕಾದ
ಶಶಿರೇಖಾ, ವಕೀಲೆ