ಟೈರಿಗೂ ಫೆಂಡರಿಗೂ ನಡುವೆ

ಜೂನ್ 6, 2011, ಸೋಮವಾರ

ಇವತ್ತೂ ಫಿಸಿಯೋಥೆರಪಿಗೆ ಹೋಗಿ ಬಂದದ್ದು ಅದೇ ಸದ್ದಿನ ಜೊತೆಗೆ. ಪ್ರತಿ ಹಂಪಿಗೂ ಕರ್ರ್... ಕಾರನ್ನು ನಾನೊಬ್ಬಳೇ ಆಫೀಸಿಗೆ ಒಯ್ದರೆ ಸದ್ದಿಲ್ಲ. ಹಿಂದಿನ ಸೀಟಿನಲ್ಲಿ ಇವರು, ಪಕ್ಕದಲ್ಲಿ ಹಿಡಿದುಕೊಳ್ಳಲು ಅತ್ತೆ, ಡಿಕ್ಕಿಯಲ್ಲಿ ವೀಲ್‌ಚೇರ್ — ಇಷ್ಟು ಭಾರ ಬಿದ್ದರೆ ಕಾರು ಕುಸಿದು ಕೂರುತ್ತದೆ. ಟೈರು ಫೆಂಡರಿಗೆ, ಅಂದರೆ ಚಕ್ರದ ಮೇಲಿನ ತಗಡಿಗೆ, ಉಜ್ಜುತ್ತದೆ. ಅದು ಉಜ್ಜಿದಾಗಲೆಲ್ಲ ಕಾರು ಅದುರಿ ಇವರ ಕಾಲು ಎಗರುತ್ತದೆ. ನವೆಂಬರಿನಲ್ಲಿ ನೀರಿನ ಟ್ಯಾಂಕಿನ ಏಣಿಯಿಂದ ಬಿದ್ದ ಮೇಲೆ ಸೊಂಟದಿಂದ ಕೆಳಗೆ ಏನೂ ಗೊತ್ತಾಗುವುದಿಲ್ಲ, ಆದರೂ ಕಾಲು ತಾನಾಗಿ ಕುಣಿಯುತ್ತದೆ. ಅತ್ತೆ ಎರಡೂ ಕೈಯಲ್ಲಿ ಅದುಮಿ ಹಿಡಿಯುತ್ತಾರೆ.

"ಎಡಗಡೆ ಹಿಂದಿಂದು," ಅಂದರು ಇವರು, ಕಣ್ಣು ಮುಚ್ಚಿಕೊಂಡೇ. "ಫೆಂಡರ್ ಅಂಚಿಗೆ ತಾಗ್ತಿದೆ."

ಮನೆಗೆ ಬಂದಾಗ ಮಾವ ಗೇಟಿನ ಹತ್ತಿರವೇ ನಿಂತಿದ್ದರು. "ಆ ಕಾರ್ನ ಎತ್ರ ಮಾಡ್ಸಪ್ಪ. ಎಲ್ರು ಕಾರ್ ಇದ್ದಂಗೆ ಇರ್ಲಿ."

"ಎತ್ರ ಮಾಡ್ಸಿದ್ರೆ ನಾನು ಹತ್ತಲ್ಲ."

ಆಸ್ಪತ್ರೆಯಿಂದ ಬಂದ ಮೇಲೆ ಇವರು ಇಷ್ಟು ಗಟ್ಟಿಯಾಗಿ ಆಡಿದ ಮಾತು ಇದೊಂದೇ. ಊಟ ಬೇಕಾ ಎಂದರೆ ಹೂಂ. ಬೇಡವಾ ಎಂದರೂ ಹೂಂ.

ಹಳೆಯ ಹೋಂಡಾ ಸಿಟಿ. ಮದುವೆಗೆ ಮುಂಚಿನದು. ಗಿಡ್ಡ ಸ್ಪ್ರಿಂಗ್, ಅಗಲದ ಟೈರು ಹಾಕಿ ನೆಲಕ್ಕೆ ತಗ್ಗಿಸಿದ್ದು ಇವರೇ. ಭಾನುವಾರವೆಲ್ಲ ಅದರಡಿ ಮಲಗಿರುತ್ತಿದ್ದರು. ಕಾಲೆರಡು ಮಾತ್ರ ಹೊರಗೆ ಕಾಣುತ್ತಿದ್ದವು. ನಾನು ಬೈಯುತ್ತಿದ್ದೆ.

ಜೂನ್ 11, ಶನಿವಾರ

ಮಾರತ್ತಹಳ್ಳಿಯ ಟೈರ್ ಅಂಗಡಿಗೆ ಹೋಗಿದ್ದೆ. ಮಾಲೀಕ ಬೈರಪ್ಪ. ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ನೋಡಿದರು.

"ಯಜಮಾನ್ರು ಬರ್ಲಿಲ್ವಾ ಮೇಡಂ?"

"ಅವ್ರಿಗೆ ಬರಕ್ಕಾಗಲ್ಲ. ನಂಗೇ ಹೇಳಿ."

ಬಗ್ಗಿ ನೋಡಿ ಹೇಳಿದರು. ಈಗಿರುವುದು 205/50. ಮೊದಲನೇ ನಂಬರು ಅಗಲ. ಎರಡನೆಯದು, ಆ ಅಗಲದಲ್ಲಿ ಶೇಕಡಾ ಎಷ್ಟು ಎತ್ತರ ಎನ್ನುವುದು. 195/50 ಹಾಕಿಸಿದರೆ ಅಗಲವೂ ಕಡಿಮೆ, ಎತ್ತರವೂ ಕಡಿಮೆ, ಉಜ್ಜದಿರಬಹುದು. "ಗ್ಯಾರಂಟಿ ಕೊಡಲ್ಲ ಮೇಡಂ. ಗಾಡಿ ತುಂಬಾ ಲೋ ಆಗೋಗಿದೆ."

ಮನೆಗೆ ಬಂದು ಇವರಿಗೆ ಹೇಳಿದೆ. ಸುಮ್ಮನೆ ಹೂಂ ಅನ್ನುತ್ತಾರೆ ಅಂದುಕೊಂಡಿದ್ದೆ. "ಮೊಬೈಲ್ ಕೊಡು ಇಲ್ಲಿ" ಎಂದರು. ಲೆಕ್ಕ ಹಾಕಿದರು. "ಎತ್ರ ಐದು ಮಿಲಿಮೀಟರ್ ಕಮ್ಮಿ. ಅಗಲದಲ್ಲಿ ಆ ಕಡೆ ಐದು, ಈ ಕಡೆ ಐದು. ಸಾಕಾಗಬೋದು ಆಶಾ."

ಆಶಾ. ಹೆಸರು ಹಿಡಿದು ಕರೆದು ಎಷ್ಟು ಕಾಲವಾಗಿತ್ತು.

ಆಮೇಲೆ ಹಿಂದಿನ ರೂಮಿನ ಬಸಲಿಂಗನನ್ನು ಕರೆಸಿದರು. ನಮ್ಮ ಬಾಡಿಗೆದಾರ, ಯಾದಗಿರಿ ಕಡೆಯವನು, ಕಂಪನಿಯೊಂದರಲ್ಲಿ ಲೋಡಿಂಗ್ ಕೆಲಸ. ಇವರನ್ನು ಕಾರಿಗೆ ಎತ್ತಿ ಕೂರಿಸುವವನು ಅವನೇ. ವೀಲ್‌ಚೇರನ್ನು ಅಂಗಳಕ್ಕೆ ಇಳಿಸಿದೆವು. ಅತ್ತೆ, ನಾನು, ಪಕ್ಕದ ಮನೆಯ ರಾಮಕ್ಕ — ಮೂವರೂ ಹಿಂದಿನ ಸೀಟಿನಲ್ಲಿ ಕೂತೆವು, ಭಾರಕ್ಕೆ. ಬಸಲಿಂಗ ಟೈರಿಗೂ ಫೆಂಡರಿಗೂ ನಡುವೆ ಬೆರಳು ತೂರಿಸಿ ನೋಡಿದ.

"ಎರಡು ಬೆರಳು ಹೋಗವಲ್ದುರಿ ಅಣ್ಣಾರ. ಒಂದ ಹೊಕ್ಕೈತಿ, ಅದೂ ಬಿಗಿ."

"ಎರಡು ಹೋಗ್ಬೇಕು ಕಣೋ," ಎಂದರು ಇವರು. ರಾಮಕ್ಕನಿಗೆ ನಗು ತಡೆಯಲಾಗಲಿಲ್ಲ. ಇವರೂ ನಕ್ಕರು.

ಜೂನ್ 19, ಭಾನುವಾರ

195/50 ಹಾಕಿಸಿ ಆಯಿತು. ಎಲ್ಲರನ್ನೂ ಕೂರಿಸಿಕೊಂಡು ದೊಡ್ಡನೆಕ್ಕುಂದಿ ಒಳರಸ್ತೆಯಲ್ಲಿ ಒಂದು ಸುತ್ತು. ಮೊದಲ ಹಂಪ್ — ಇಲ್ಲ. ಎರಡನೆಯದು — ಇಲ್ಲ. ಕನ್ನಡಿಯಲ್ಲಿ ನೋಡಿದೆ. ಇವರು ಕಿವಿಗೊಟ್ಟು ಕೂತಿದ್ದಾರೆ.

ಕೆರೆಯ ಪಕ್ಕ ಪೈಪಿಗೆ ಅಗೆದು ಮುಚ್ಚಿದ ಕಡೆ ಮತ್ತೆ ಕರ್ರ್. ಮೊದಲಿನಷ್ಟಿಲ್ಲ.

"ಕಮ್ಮಿ ಆಗಿದೆ," ಅಂದರು. "ಪೂರ್ತಿ ಹೋಗಿಲ್ಲ. ಫೆಂಡರ್ ಅಂಚು ಒಳಗೆ ಮಡಿಚ್ಬೇಕು."

ಅತ್ತೆ: "ಇನ್ನೂ ಏನೋ ಮಡಿಚೋದು? ಸಾಕ್ ಬಿಡೋ."

ಬೇಸರವಿಲ್ಲ ಇವರಿಗೆ. ಮುಂದಿನದು ಏನು ಎಂದು ಆಗಲೇ ಯೋಚನೆ.

ಜುಲೈ 2, ಶನಿವಾರ

ಗ್ಯಾರೇಜಿನಲ್ಲಿ ಫೆಂಡರ್ ಅಂಚು ಮಡಿಸಿದರು. ಪೇಂಟು ಬಿರುಕು ಬಿಟ್ಟಿತು. ಮಂಗಳವಾರ ಚೆನ್ನಾಗಿತ್ತು, ಗುರುವಾರ ಮತ್ತೆ ಸದ್ದು.

ಈಗ ಮನೆಯಲ್ಲಿ ದಿನವೂ ಇದೇ ಮಾತು. 185/55 ಅಗಲ ಕಡಿಮೆ, ಆದರೆ ಎತ್ತರ ಹಳೆಯ ಟೈರಿನಷ್ಟೇ, ಮೇಲೆ ತಾಗುತ್ತದೆ. 195/45 ಗಿಡ್ಡ, ತಾಗುವುದಿಲ್ಲ. ಆದರೆ ಕಾರು ಇನ್ನೂ ಒಂದು ಸೆಂಟಿಮೀಟರ್ ಇಳಿದು ಹೊಟ್ಟೆ ಹಂಪಿಗೆ ಬಡಿಯುತ್ತದೆ. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ. ಕೇಳಿ ಕೇಳಿ ಆಫೀಸಿನಲ್ಲಿ ಸಂಬಳದ ಶೀಟ್ ನೋಡುವಾಗಲೂ ನನ್ನ ತಲೆಯಲ್ಲಿ ಇವೇ ನಂಬರು.

ನನಗೆ ಅನ್ನಿಸುವುದನ್ನು ಇಲ್ಲಿ ಮಾತ್ರ ಬರೆಯಬಹುದು. ಸರಿಯಾದ ಸೈಜ್ ಸಿಗದಿದ್ದರೂ ಪರವಾಗಿಲ್ಲ. ಹುಡುಕುತ್ತಿರುವಷ್ಟು ದಿನ ಇವರು ಮಾತಾಡುತ್ತಾರೆ. ಊಟದಲ್ಲಿ ಉಪ್ಪು ಕಡಿಮೆ ಅನ್ನುತ್ತಾರೆ.

ಜುಲೈ 23, ಶನಿವಾರ

ಚಕ್ರ ಬಿಚ್ಚಿ ತೋರಿಸಿದರು ಬೈರಪ್ಪ. ಹೊಸ ಟೈರು. ಹೊರಗಿನ ಅಂಚು ಚಾಕುವಿನಿಂದ ಸವರಿದಂತೆ ತಿಂದುಹೋಗಿದೆ. ಒಂದು ಕಡೆ ಒಳಗಿನ ನೂಲು ಕಾಣುತ್ತಿತ್ತು. ಅದನ್ನು ಬದಲಿಸಿದರು.

"ಮೇಡಂ, ಸೈಜಿಂದಲ್ಲ ಇದು. ಹೈಟಿಂದು. ಯಾವ್ ಸೈಜ್ ಹಾಕಿದ್ರೂ ಅಷ್ಟೆ. ಹಿಂದೆ ಅಷ್ಟು ಲೋಡ್ ಹಾಕೋ ಗಾಡಿ ಅಲ್ಲ ಇದು. ಮುಂಚಿನ ಸ್ಪ್ರಿಂಗ್ ಹಾಕ್ಸ್‌ಬಿಡಿ."

"ಅವ್ರು ಒಪ್ಪಲ್ಲ."

"ಹೋಗ್ತಾ ಇರುವಾಗ ಸಿಡಿದ್ರೆ ಒಪ್ತಾರಾ?"

ಇವರಿಗೆ ಹೇಳಿದೆ. ಇವರು ಹೇಳಿದ್ದು: "ವೀಲ್‌ಚೇರ್ ಮನೇಲೇ ಬಿಡೋಣ. ಅಷ್ಟು ಭಾರ ಕಮ್ಮಿ ಆಗುತ್ತೆ. ಫಿಸಿಯೋಥೆರಪಿಲಿ ಅವ್ರದೇ ಚೇರ್ ಇರುತ್ತಲ್ಲ."

ಸರಿ ಎಂದೆ. ಬೇಡ ಎನ್ನಬೇಕಿತ್ತೋ ಏನೋ. ಇವರ ಮುಖ ನೋಡಿಕೊಂಡು ಬೇಡ ಎನ್ನಲು ನನಗೆ ಬರುವುದಿಲ್ಲ.

ಆಗಸ್ಟ್ 8, ಸೋಮವಾರ

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಬರೆಯುತ್ತಿದ್ದೇನೆ.

ಫಿಸಿಯೋಥೆರಪಿಗೆ ಹೋಗುವಾಗ, ರಿಂಗ್ ರೋಡಿನ ಸರ್ವಿಸ್ ರಸ್ತೆ. ಮಳೆ ನೀರು ನಿಂತಿತ್ತು, ಗುಂಡಿ ಕಾಣಲಿಲ್ಲ. ಎಡಗಡೆ ಹಿಂದಿನ ಚಕ್ರ ಇಳಿಯಿತು... ಟೈರು ಫೆಂಡರಿಗೆ ಕಚ್ಚಿಕೊಂಡು ಕಾರು ಜಗ್ಗಿ ನಿಂತುಬಿಟ್ಟಿತು. ಇವರ ಕಾಲು ಎಗರಿತು. ಅತ್ತೆಗೆ ಹಿಡಿಯಲಾಗಲಿಲ್ಲ. ಸೀಟಿನಿಂದ ಜಾರಿ ಕೆಳಗೆ, ಎರಡು ಸೀಟಿನ ಸಂದಿಗೆ. ಸೊಂಟದ ಹತ್ತಿರ, ಕೂತು ಕೂತು ಮೊದಲೇ ಕೆಂಪಾಗಿದ್ದ ಜಾಗ ಕಿತ್ತು ರಕ್ತ. ಇವರಿಗೆ ನೋವೇ ಗೊತ್ತಾಗುತ್ತಿಲ್ಲ. ರಕ್ತ ನೋಡಿ ಕಿರುಚಿದ್ದು ಅತ್ತೆ.

ಹಿಂದೆ ಹಾರ್ನ್ ಮೇಲೆ ಹಾರ್ನ್. ಬಸಲಿಂಗನೂ ಇರಲಿಲ್ಲ, ಇವರನ್ನು ಕಾರಿಗೆ ಕೂರಿಸಿ ಶಿಫ್ಟಿಗೆ ಹೋಗಿದ್ದ. ಇವರನ್ನು ಎತ್ತಲು ನನ್ನಿಂದಾಗಲಿಲ್ಲ. ಎತ್ತಿದೆ, ಜಾರಿದರು. ಮತ್ತೆ ಎತ್ತಿದೆ. ಕೊನೆಗೆ ಒಬ್ಬ ಕ್ಯಾಬ್ ಡ್ರೈವರ್ ಇಳಿದು ಬಂದ. "ಅಕ್ಕ, ನೀವು ಸರ್ಕೊಳ್ಳಿ" ಎಂದ.

ಇವರು ಆಗ ಹೇಳಿದ್ದು ಒಂದೇ ಮಾತು: "ಟೈರ್ ಸಿಡೀತಾ?"

ಸಿಡಿದಿರಲಿಲ್ಲ.

ಆಗಸ್ಟ್ 27, ಶನಿವಾರ

ಗಾಯ ಆಳವಾಗಿತ್ತಂತೆ. ಆಪರೇಷನ್ ಮಾಡಿ ಹೊಲಿದರು. ಇನ್ನೊಂದು ವಾರಕ್ಕೆ ಮನೆಗೆ ಎಂದಿದ್ದಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಷ್ಟು ದಿನ ಬರೆಯಲು ಏನೂ ಇರಲಿಲ್ಲ.

ಬಟ್ಟೆ ತೆಗೆದುಕೊಳ್ಳಲು ಮನೆಗೆ ಬಂದಿದ್ದೆ. ಮಾವ ಕೈ ಚಾಚಿದರು.

"ಕಾರ್ ಕೀ ಕೊಡಮ್ಮ."

"ಎಲ್ಲಿಗೆ ಮಾವ?"

"ಎಲ್ಗೆ ಅಂತ ನಿಂಗೂ ಗೊತ್ತು. ಆಂಬುಲೆನ್ಸಲ್ಲಿ ಕೂರ್ಸಿದ್ರೆ ಎಣಾ ಒಯ್ದಂಗೆ ಅಂತಾನೆ. ಇಂಗೇ ಬಿಟ್ರೆ ಇನ್ನೊಂದ್ಸಲ ಉಳಿಯಾಕಿಲ್ಲ. ನನ್ ಮೇಲೆ ಸಿಟ್ಟಾಗ್ಲಿ ಬಿಡು. ನೀನ್ ಕೊಟ್ಟೆ ಅನ್ಬೇಡ."

ಅವರ ಕಣ್ಣು ಕೆಂಪಗಿತ್ತು. ಕೊಟ್ಟೆ. ಆಸ್ಪತ್ರೆಗೆ ಬಸ್ಸಿನಲ್ಲಿ ಹೋದೆ. ಇವರು ಕಾರು ಎಲ್ಲಿ ಎಂದು ಕೇಳಿದರೆ ಏನು ಹೇಳುವುದು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಕೇಳಲಿಲ್ಲ.

ಸೆಪ್ಟೆಂಬರ್ 3, ಶನಿವಾರ

ಡಿಸ್‌ಚಾರ್ಜ್. ಬಸಲಿಂಗ ರಜಾ ಹಾಕಿ ಬಂದಿದ್ದ. ವೀಲ್‌ಚೇರನ್ನು ಕಾರಿನ ಬಾಗಿಲಿಗೆ ಒತ್ತಿ ನಿಲ್ಲಿಸಿದ. ಇವರು ಮೊಬೈಲ್ ನೋಡುತ್ತಿದ್ದರು, ಕಾರನ್ನು ನೋಡಿರಲಿಲ್ಲ.

ಹಿಂದೆಲ್ಲ ಬಸಲಿಂಗ ಇವರನ್ನು ಎತ್ತಿ ಕೆಳಕ್ಕೆ ಇಳಿಸಿ ಸೀಟಿಗೆ ಕೂರಿಸುತ್ತಿದ್ದ. ಇವತ್ತು ಇಳಿಸುವುದೇ ಇರಲಿಲ್ಲ. ಸೀಟು ವೀಲ್‌ಚೇರಿನ ಸಮಕ್ಕೇ ಇತ್ತು. ಅವನ ತೋಳಿನಲ್ಲಿ ಇರುವಾಗಲೇ ಇವರಿಗೆ ತಿಳಿದುಹೋಯಿತು. ಅವನ ಅಂಗಿ ಹಿಡಿದಿದ್ದ ಇವರ ಕೈ ಒಂದು ಗಳಿಗೆ ಬಿಗಿಯಾಯಿತು. ಆಮೇಲೆ ಸಡಿಲ.

ಕೂತ ಮೇಲೆ ಕೇಳಿದರು. "ಟೈರ್ ಯಾವ್ದು ಹಾಕ್ಸಿದ್ರಿ?"

"175/65," ಎಂದೆ. "ಕಂಪನಿ ಸೈಜು. ರಿಮ್ಮೂ ಸ್ಪ್ರಿಂಗೂ ಕಂಪನಿದೇ."

"ನಾನೇ ಮಾಡ್ಸಿದ್ದು ಕಣಪ್ಪ," ಎಂದರು ಮಾವ, ಮುಂದೆ ನೋಡುತ್ತಲೇ.

"ಒಳ್ಳೇದಾಯ್ತು ಬಿಡಿ," ಎಂದರು ಇವರು.

ಬೈದಿದ್ದರೆ ಚೆನ್ನಾಗಿತ್ತು. ಇಡೀ ದಾರಿಯಲ್ಲಿ ಎಲ್ಲೂ ಸದ್ದು ಬರಲಿಲ್ಲ. ಹಂಪುಗಳು ಇದ್ದದ್ದೇ ಗೊತ್ತಾಗಲಿಲ್ಲ. ಅತ್ತೆ ಇವರ ಕಾಲ ಮೇಲೆ ಕೈ ಇಟ್ಟುಕೊಂಡೇ ಇದ್ದರು. ಕಾಲು ಒಮ್ಮೆಯೂ ಅಲುಗಲಿಲ್ಲ.

ಸೆಪ್ಟೆಂಬರ್ 10, ಶನಿವಾರ

ಗಾಯ ಒಣಗುತ್ತಿದೆ. ಡಾಕ್ಟರಿಗೆ ಸಂತೋಷ. ಮಾವನ ಜೊತೆ ಇವರು ಎಂದಿನಂತೆಯೇ ಇದ್ದಾರೆ. ಬಾಡಿಗೆಗೆ ಬಂದವರ ವಿಷಯ ಕೇಳಿದರೆ ಉತ್ತರ ಕೊಡುತ್ತಾರೆ. ಕೊಟ್ಟದ್ದನ್ನು ತಿನ್ನುತ್ತಾರೆ. ಉಪ್ಪು ಸರಿಯಾಗಿದೆಯಾ ಎಂದರೆ ಹೂಂ.

ಬೆಳಿಗ್ಗೆ ನಾನೇ ಒಂದು ನೆಪ ಹುಡುಕಿಕೊಂಡು ಹೋದೆ. ಮಂಚದ ಪಕ್ಕ ಕೂತು ಕೇಳಿದೆ.

"ರೀ, ಹಿಂದಿನ ಟೈರಿಗೆ ಗಾಳಿ ಎಷ್ಟು ಹಾಕಿಸ್ಲಿ? ನಾವೆಲ್ಲ ಕೂತ್ರೆ ಮುಂದಿಂದಕ್ಕಿಂತ ಜಾಸ್ತಿ ಬೇಕಾ?"

ಯಾವ ಟೈರಿಗೆ ಎಷ್ಟು ಭಾರಕ್ಕೆ ಎಷ್ಟು ಗಾಳಿ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವ ಮನುಷ್ಯ. ಗೋಡೆಯ ಕಡೆಗಿದ್ದ ಮುಖ ತಿರುಗಿಸಲಿಲ್ಲ.

"ಅಂಗಡೀಲಿ ಕೇಳು. ಹೇಳ್ತಾರೆ."

ಇನ್ನೂ ಏನೋ ಕೇಳಬೇಕು ಎಂದುಕೊಂಡೆ. ಮುಂದಿನ ಟೈರು, ಅಲೈನ್‌ಮೆಂಟ್, ಏನಾದರೂ. ಎದ್ದು ಬಂದೆ. ಅತ್ತೆ ಕರೆಯುತ್ತಿದ್ದಾರೆ, ಮಗ್ಗುಲು ಬದಲಿಸುವ ಹೊತ್ತು. ಈ ಸಲ ಗೋಡೆಯಿಂದ ಈ ಕಡೆಗೆ, ನನ್ನ ಕಡೆಗೆ ತಿರುಗಿಸಬೇಕು. ಹೋಗಿ ಬರುತ್ತೇನೆ.