ಎರಡನೇ ಅಡುಗೆಮನೆ

ಬೋಳಾರ, ಮಂಗಳೂರು
12 ನವೆಂಬರ್ 2024

ಪ್ರೀತಿಯ ತಮ್ಮ ಮುಖೇಶನಿಗೆ ಅಣ್ಣನ ಆಶೀರ್ವಾದಗಳು.

ನೀನೂ ಪ್ರಣೀತಾಳೂ ಮಸ್ಕತ್‌ನಲ್ಲಿ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಎರಡು ವಾರದಿಂದ ನಿಮ್ಮ ಮೆಸೇಜುಗಳಿಗೆ ಉತ್ತರಿಸದಿದ್ದಕ್ಕೆ ಬೇಸರಿಸಬೇಡ. ಫೋನಿನಲ್ಲಿ ಬರೆದರೆ ನೀನು ಒಂದು ಹೆಬ್ಬೆರಳು ಕಳಿಸಿ ಮುಗಿಸಿಬಿಡುತ್ತೀ. ನೆರೆಮನೆಯ ಅಫ್ರೋಝ್ ರಜೆ ಮುಗಿಸಿ ಅಲ್ಲಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ.

ನಮ್ಮಿಬ್ಬರ ಮನೆ ಒಂದು ರೂಪಕ್ಕೆ ಬಂತು. ಹೊರಗಿನ ಸಾರಣೆ ಮುಗಿದಿದೆ. ಬಾಲ್ಕನಿಯಲ್ಲಿ ನಿಂತರೆ ತೆಂಗಿನ ಮರಗಳ ಸಂದಿಯಲ್ಲಿ ಹೊಳೆ ಕಾಣುತ್ತದೆ. ನೀನು ಹೇಳಿದಂತೆ ಕಿಟಕಿ ಬದಲಿಸಿದೆ, ಹಾಕಿದ್ದ ಟೈಲ್ಸ್ ಎಬ್ಬಿಸಿ ನೀನು ಆರಿಸಿದ್ದನ್ನೇ ಹಾಕಿಸಿದೆ. ಬೇರೆಯವರ ಮನೆ ಕಟ್ಟಿಕೊಡುವಾಗ, ಬಾಗಿಲು-ಕಿಟಕಿಗಳ ಮೇಲಿನ ಲಿಂಟಲ್ ಆದಮೇಲೆ ಬದಲಾವಣೆ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಪಂಪ್‌ವೆಲ್‌ನ ಒಬ್ಬ ಡಾಕ್ಟರರ ಜೊತೆ ಅದಕ್ಕೇ ಜಗಳವೂ ಆಗಿತ್ತು. ತಮ್ಮನೇ ಗಿರಾಕಿಯಾದರೆ ಯಾವ ಬಾಯಲ್ಲಿ ಹೇಳಲಿ?

ಆಮೇಲೆ ನೀನು ಎರಡನೇ ಅಡುಗೆಮನೆ ಕೇಳಿದೆ. ಊಟದ ಕೋಣೆಯ ನಡುವೆ ಗೋಡೆ ಬರುತ್ತದೆ, ಹಾಲ್ ಕತ್ತಲಾಗುತ್ತದೆ, ನೆಲ ಕೊರೆದು ಪೈಪ್ ಎಳೆಯಬೇಕು ಎಂದೆಲ್ಲ ಹೇಳಿ ನೋಡಿದೆ. ಎರಡು ಸಂಸಾರ ಅಲ್ವಾ, ಎಲ್ಲರಿಗೂ ಅನುಕೂಲ ಎಂದೆ ನೀನು. ಒಂದು ಮನೆಗೆ ಎರಡು ಒಲೆ ಎಂತಕ್ಕೆ ಎಂದು ಮೇಸ್ತ್ರಿ ತುಕ್ರ ಕೇಳಿದಾಗ ನಾನೂ ಅದನ್ನೇ ಹೇಳಿದೆ. ನಿನ್ನ ಅತ್ತಿಗೆ ಕ್ರಿಸ್ಟಿನ್ ನಂಬಿದಳು. ಕ್ರಿಸ್‌ಮಸ್‌ಗೆ ಕುಸ್ವಾರ್ ತಿಂಡಿ ಮಾಡಲು ಜಾಗವಾಯಿತೆಂದು ಖುಷಿಪಟ್ಟಳು ಕೂಡ. ಈಗ ಗೋಡೆ ಎದ್ದಿದೆ, ಗ್ರಾನೈಟೂ ಕೂತಿದೆ.

ಮನೆ ಒಕ್ಕಲಿನ ದಿನ ಮಾತ್ರ ಈಗಲೇ ಗೊತ್ತುಮಾಡಬೇಡ.

ಬಿಸಿಲಲ್ಲಿ ಹೆಚ್ಚು ತಿರುಗಬೇಡ. ಮಂಗಳಾದೇವಿ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅಣ್ಣ,
ದೀಪೇಶ

ತಾ.ಕ.: ಇದು ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಎರಡು ವಾರದ ಹಿಂದೆ ಕ್ರಿಸ್ಟಿನ್‌ಳನ್ನು ಸೈಟಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿರುವಾಗ ಪ್ರಣೀತಾಳ ವಾಯ್ಸ್ ಮೆಸೇಜ್ ಬಂತು. ಏನೋ ಅಳತೆ ಇರಬೇಕೆಂದು ಸ್ಪೀಕರ್ ಹಾಕಿದೆ. "ಭಾವ, ಎರಡು ಅಡುಗೆಮನೆಗಳ ನಡುವೆ ಬಾಗಿಲು ಬೇಡ, ಆ ಜಾಗ ಮುಚ್ಚಿಸಿಬಿಡಿ. ಕ್ರಿಸ್ಟಿನಕ್ಕ ಮುಟ್ಟಿದ ಪಾತ್ರೆಯಲ್ಲಿ ನನ್ನ ಅಮ್ಮ ಊಟ ಮಾಡುವುದಿಲ್ಲ."

ಕ್ರಿಸ್ಟಿನ್ ನನ್ನ ಪಕ್ಕದಲ್ಲೇ ಇದ್ದಳು. ಅವಳು ಅಳಲಿಲ್ಲ. "ನಿಮ್ಮ ಅಮ್ಮನಿಗೆ ಕೊನೆಯ ದಿನದವರೆಗೆ ಗಂಜಿ ಕುಡಿಸಿದ್ದು ಇದೇ ಕೈ ಅಲ್ವಾ?" ಎಂದಳು ನನ್ನತ್ತ ತಿರುಗಿ. ಮತ್ತೆ, "ಮುಖೇಶ್‌ಗೆ ಗೊತ್ತುಂಟಾ ಇದು?" ಎಂದು ಕೇಳಿದಳು.

ಇಲ್ಲ ಎಂದೆ. ನಾನು ಹೇಳಿದ್ದು ನಿಜವೋ ಸುಳ್ಳೋ ನನಗೇ ಗೊತ್ತಿಲ್ಲ. ಕ್ರಿಸ್ಟಿನ್ ಆ ಮನೆಗೆ ಬರುವುದಿಲ್ಲ ಎಂದಿದ್ದಾಳೆ. ಗೋಡೆಯನ್ನು ನಾಳೆಯೇ ಒಡೆಸಬಲ್ಲೆ. ನೀನು ನನಗೆ ಫೋನ್ ಮಾಡಬೇಡ. ಅವಳಿಗೆ ಮಾಡು.